ಕಿಟಕಿ ಕಟ್ಟೆಯ ಬದನೆ ಪೈರು

ಜೂನ್ 9, ಸೋಮವಾರ

ಬರೆಯಬೇಕಂತೆ. ಏನಾದರೂ ಸರಿ, ದಿನಾ ಒಂದು ಪುಟ, ಬಲಗೈಯಲ್ಲೇ. ಫಿಜಿಯೋಥೆರಪಿಯ ಹುಡುಗಿ ಜಾರಾ ಹೇಳಿಕೊಟ್ಟ ವ್ಯಾಯಾಮಗಳಲ್ಲಿ ಇದೂ ಒಂದು. "ಏನು ಬರೀಲಿ?" ಎಂದೆ. "ಏನಾದ್ರೂ ಬರೀರಿ ಅಂಕಲ್, ಯಾರೂ ಓದಲ್ಲ" ಎಂದಳು. ನನಗೆ ನಲವತ್ತಮೂರು. ಅಂಕಲ್ ಅಂತೆ.

ಯಾರೂ ಓದುವುದಿಲ್ಲ ಎನ್ನುವುದೇನೋ ನಿಜ. ಈ ಕಾಗೆ ಕಾಲು ಗುಬ್ಬಿ ಕಾಲನ್ನು ನಾಳೆ ನಾನೇ ಓದಲಾರೆ.

ವಿಷಯ ಇಷ್ಟು. ಮಾರ್ಚ್‌ನಲ್ಲಿ ಬಿಡದಿಯ ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ನಿಗೆ ನನ್ನ ಗ್ಲೌಸು ಸಿಕ್ಕಿಹಾಕಿಕೊಂಡಿತು. ಗ್ಲೌಸಿನ ಒಳಗೆ ಅದೂ ಇತ್ತು, ನನ್ನ ಬಲಗೈ. ಹೆಬ್ಬೆರಳು, ತೋರುಬೆರಳು ಎರಡರ ನರಗಳೂ ಹರಿದವು. ಹೊಲಿದರು, ಪಟ್ಟಿ ಕಟ್ಟಿದರು, ಬಿಚ್ಚಿದರು. ಈಗ ನೋಡಿದರೆ ಬೆರಳೆಲ್ಲ ಜಾಗದಲ್ಲೇ ಇವೆ, ಆದರೆ ಬಗ್ಗುವುದು ಅಷ್ಟಕ್ಕಷ್ಟೆ. ತುದಿಗೆ ಏನು ತಾಗಿದರೂ ಗೊತ್ತಾಗುವುದಿಲ್ಲ. ಸೆಪ್ಟೆಂಬರಿನಲ್ಲಿ ಕಂಪನಿ ಡಾಕ್ಟರು ಪರೀಕ್ಷೆ ಮಾಡುತ್ತಾರೆ. ಹಿಡಿತ ಬಂದಿದ್ದರೆ ನನ್ನ ಮೆಷಿನ್ ನನಗೆ. ಬಂದಿರದಿದ್ದರೆ ಏನೆಂದು ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.

ಪುಟ ಮುಗಿಯಿತು. ಅದು ನೋಯುತ್ತಿದೆ.

ಜೂನ್ 12, ಗುರುವಾರ

ಇವತ್ತು ರಾಗಿ. ತಟ್ಟೆಯಲ್ಲಿ ಒಂದು ಹಿಡಿ ರಾಗಿ ಹರಡಿಕೊಂಡು, ಹೆಬ್ಬೆರಳು ತೋರುಬೆರಳಲ್ಲಿ ಒಂದೊಂದೇ ಕಾಳು ಎತ್ತಿ ಲೋಟಕ್ಕೆ ಹಾಕಬೇಕು. ಕಾಳು ಬೆರಳಿಗೆ ಬಂತೋ ಇಲ್ಲವೋ ಎನ್ನುವುದು ಕಣ್ಣಿಗೆ ಕಂಡರೆ ಉಂಟು, ಬೆರಳಿಗಂತೂ ತಿಳಿಯುವುದಿಲ್ಲ. ಬಂತು ಎಂದುಕೊಂಡು ಲೋಟದ ಮೇಲೆ ಬೆರಳು ಬಿಡಿಸಿದರೆ ಏನೂ ಬೀಳುವುದಿಲ್ಲ. ಕಾಳು ತಟ್ಟೆಯಲ್ಲೇ ಕೂತಿರುತ್ತದೆ. ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ ಕಾಳು ಹೆಕ್ಕುವ ಗತಿ ಬಂತು.

ಹೆಂಡತಿ ಪ್ರತಿಮಾ ಪಕ್ಕದಲ್ಲೇ ಕೂತು ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದಳು. ಮನೆಯಲ್ಲೇ ಹೊಲಿಯುತ್ತಾಳೆ, ಬೀದಿಯ ಹೆಂಗಸರೆಲ್ಲ ಇವಳ ಹತ್ತಿರವೇ ಬರುವುದು. ಅವಳ ಬೆರಳು ಓಡುವುದನ್ನು ನೋಡಲಾಗದೆ ಗೋಡೆ ಕಡೆ ತಿರುಗಿ ಕೂತೆ.

ಮಧ್ಯಾಹ್ನ ಮುದ್ದೆ. ಎಡಗೈಯಲ್ಲಿ ಮುರಿಯುವುದು ಇನ್ನೂ ಅಭ್ಯಾಸವಾಗಿಲ್ಲ, ಸಾರೆಲ್ಲ ಮೊಣಕೈವರೆಗೆ ಹರಿಯುತ್ತದೆ. "ನಾನ್ ಮುರ್ದು ಕೊಡ್ಲೇನ್ರೀ?" ಎಂದಳು. "ನಾನೇನ್ ಮಗುವಾ?" ಎಂದೆ.

ಸಂಜೆ ಹಾಲು ತರಲು ಹೋಗುವಾಗ ಆ ಕೈ ಮೇಲೆ ಟವೆಲ್ ಹೊದಿಸಿಕೊಂಡು ಹೋದೆ. ಕಂಡವರೆಲ್ಲ ನಿಲ್ಲಿಸಿ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಎನಿಸಿಕೊಳ್ಳುವುದು ನನಗೆ ಮೊದಲಿನಿಂದಲೂ ಆಗದು.

ಜೂನ್ 15, ಭಾನುವಾರ

ಚನ್ನಪಟ್ಟಣದಲ್ಲಿ ಪ್ರತಿಮಾಳ ಚಿಕ್ಕಪ್ಪನ ಮನೆ ಗೃಹಪ್ರವೇಶ. ನಾನು ಬರುವುದಿಲ್ಲ ಎಂದು ಮೊದಲೇ ಹೇಳಿದ್ದೆ.

ಓಲೆಯ ವಿಷಯ ಬರೆಯಲೋ ಬೇಡವೋ ಗೊತ್ತಾಗುತ್ತಿಲ್ಲ. ಪುಟ ತುಂಬಬೇಕಲ್ಲ, ಬರೆಯುತ್ತೇನೆ. ಅವಳಿಗೆ ಅವರಮ್ಮ ಕೊಟ್ಟ ಒಂದು ಜೊತೆ ಓಲೆ ಇದೆ, ಹಳೆಯ ಕಾಲದ್ದು. ಕಿವಿಯ ಹಿಂದೆ ಹಾಕುವ ತಿರುಪು ಸಾಸಿವೆಗಿಂತ ಒಂಚೂರು ದೊಡ್ಡದು, ಎಳೆಯೂ ಸವೆದಿದೆ. ಅದುಮಿ ತಿರುಗಿಸಿದರೆ ಎಳೆ ತಪ್ಪುತ್ತದೆ. ಸುಮ್ಮನೆ ಕೂರಿಸಿ, ಮೊದಲು ಒಂಚೂರು ಹಿಂದಕ್ಕೆ, ಆಮೇಲೆ ಮುಂದಕ್ಕೆ ತಿರುಗಿಸಬೇಕು. ಆ ಹದ ನನ್ನ ಬೆರಳಿಗೆ ಮಾತ್ರ ಗೊತ್ತಿತ್ತು. ಮದುವೆಯಾದಾಗಿನಿಂದ ಎಲ್ಲಿಗೆ ಹೊರಟರೂ ಅವಳು ಬಂದು ಬೆನ್ನು ಮಾಡಿ ನಿಲ್ಲುತ್ತಾಳೆ, ನಾನು ಹಾಕುತ್ತೇನೆ.

ಇವತ್ತೂ ಅಭ್ಯಾಸಬಲದಿಂದ ಬಂದು ನಿಂತಳು. ನಿಂತ ಮೇಲೆ ನೆನಪಾಯಿತೇನೋ, "ಬ್ಯಾಡ ಬುಡಿ" ಎಂದಳು. ಬ್ಯಾಡ ಎಂದದ್ದಕ್ಕೇ ನನಗೆ ಹಟ ಬಂತು. ಕಿತ್ತುಕೊಂಡು ಹಾಕಲು ಹೋದೆ. ತಿರುಪು ಕೂತಿತು ಎಂದುಕೊಂಡು ತಿರುಗಿಸಿದೆ. ಕೂತಿರಲಿಲ್ಲ. ನಾನು ಅಷ್ಟೂ ಹೊತ್ತು ಹಿಂಡುತ್ತಿದ್ದದ್ದು ಅವಳ ಕಿವಿಯನ್ನು. ಅವಳು ಅಮ್ಮಾ ಎಂದ ಮೇಲೆ ಗೊತ್ತಾಯಿತು. ಓಲೆಯ ಕಡ್ಡಿ ಚುಚ್ಚಿ ರಕ್ತ ಬಂದಿತ್ತು. ತಿರುಪು ಮಂಚದ ಕೆಳಗೆ ಎಲ್ಲೋ ಉರುಳಿತು.

ಪೊರಕೆಯಲ್ಲಿ ಗುಡಿಸಿ ಹುಡುಕಿದಳು. ಸಿಕ್ಕಿದ್ದನ್ನು ಓಲೆಯ ಜೊತೆ ಡಬ್ಬಿಗೆ ಹಾಕಿ ಬೀರುವಿನ ಮೇಲಿನ ಖಾನೆಯಲ್ಲಿಟ್ಟಳು. ಬರಿಗಿವಿಯಲ್ಲೇ ಗೃಹಪ್ರವೇಶಕ್ಕೆ ಹೋದಳು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡುವುದು? ಇವತ್ತು ರಾಗಿ ಎತ್ತಲಿಲ್ಲ.

ಜೂನ್ 18, ಬುಧವಾರ

ಗುಡೇಮಾರನಹಳ್ಳಿಯಿಂದ ಅಪ್ಪ ಬಂದಿದ್ದ. ಒಂದು ಸಿಮೆಂಟ್ ಚೀಲದ ತುಂಬ ರೇಷ್ಮೆ ಹುಳದ ಹಿಕ್ಕೆ ಹಾಕಿ ಕೊಳೆಸಿದ ಗೊಬ್ಬರ, ಇನ್ನೊಂದು ಚೀಲದಲ್ಲಿ ತರಕಾರಿ. ಗೊಬ್ಬರ ಯಾಕೆ ತಂದನೋ, ನಾವಿರುವುದು ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿ.

ನನ್ನ ರಾಗಿ ವ್ಯಾಯಾಮವನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತಿದ್ದ. ಸಾಕಾದ ಮೇಲೆ ನಾನು ಲೋಟದಲ್ಲಿದ್ದದ್ದನ್ನು ಮತ್ತೆ ತಟ್ಟೆಗೆ ಸುರಿದೆ. ತಡೆದುಕೊಳ್ಳಲು ಆಗಲಿಲ್ಲ ಅವನಿಗೆ.

"ಲೇ, ಲೋಟಕ್ಕಾಕಿದ್ದ ತಿರ್ಗ ತಟ್ಟೆಗ್ ಸುರ್ಯದಾ? ಇದ್ಯಾವ್ ಸೀಮೆ ಕೆಲ್ಸ ಕಣ್ಲಾ?"

"ಡಾಕ್ಟ್ರು ಹೇಳವ್ರೆ, ಮಾಡ್ತಾ ಇವ್ನಿ."

"ಎತ್ತೋದೇ ಎತ್ತೀಯಂತೆ, ಬೀಜ ಎತ್ತು, ಮಣ್ಗಾಕು. ಒಸಿ ಉಪ್ಯೋಗಕ್ಕಾದ್ರೂ ಬತ್ತದೆ."

ಚೀಲಕ್ಕೆ ಕೈ ಹಾಕಿ ಒಂದು ಬಟ್ಟೆ ಗಂಟು ತೆಗೆದ. ಬೂದಿಯಲ್ಲಿ ಬೆರೆಸಿದ ಬದನೆ ಬೀಜ. ಮೊದಲು ಅವ್ವ ಕಟ್ಟಿಡುತ್ತಿದ್ದಳು, ಈಗ ಅಪ್ಪನೇ ಕಟ್ಟಿಡುತ್ತಾನೆ. ಮೇಲೆ ತಾರಸಿಯಲ್ಲಿ ಏನಿಟ್ಟರೂ ಕೋತಿ ಬಿಡುವುದಿಲ್ಲ, ಬೆಟ್ಟದ ಕೋತಿಗಳಿಗೆ ನಮ್ಮ ಬೀದಿ ಮಾವನ ಮನೆ. ಹಾಗಾಗಿ ನಡುಮನೆಯ ಕಿಟಕಿ ಕಟ್ಟೆ ಮೇಲೆ, ಸರಳಿನ ಒಳಗಡೆ. ಪ್ರತಿಮಾ ರಟ್ಟಿನ ಮೊಟ್ಟೆ ಟ್ರೇ ಕೊಟ್ಟಳು. ಪ್ರತಿ ಗುಳಿಗೂ ಕೆಮ್ಮಣ್ಣು, ಗೊಬ್ಬರ ತುಂಬಿ ಒಂದೊಂದು ಬೀಜ ಹಾಕಿದೆ. ಸಂಜೆಯಾಯಿತು. ಅಪ್ಪನಾದರೆ ಇದನ್ನು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಸುತ್ತಿದ್ದ.

ಜೂನ್ 27, ಶುಕ್ರವಾರ

ಟ್ರೇಯಲ್ಲಿ ಹಸಿರು ಕಾಣಿಸಿತು. ದಾರದ ಚೂರು ಇರಬೇಕು ಎಂದು ಹತ್ತಿರ ಹೋಗಿ ನೋಡಿದೆ. ಮೊಳಕೆ.

ಜಾರಾ ಇವತ್ತು ಕಣ್ಣು ಮುಚ್ಚಿಸಿ, ಹತ್ತಿಯಲ್ಲಿ ಸವರುತ್ತೇನೆ, ಸವರಿದಾಗ ಹೇಳಿ ಎಂದಳು. ನಾನು ಕಾಯುತ್ತಾ ಕೂತೆ. ಬಹಳ ಹೊತ್ತಾದ ಮೇಲೆ "ಶುರು ಮಾಡಮ್ಮ" ಎಂದೆ. "ಮುಗೀತು ಅಂಕಲ್" ಎಂದಳು.

ಜುಲೈ 6, ಭಾನುವಾರ

ನಮ್ಮ ಶಿಫ್ಟಿನ ಮುತ್ತುರಾಜು ಬಂದಿದ್ದ, ಬಿಡದಿಯಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು. ಒಳ್ಳೆಯವನೇ. ಬಾಯಿಗೆ ಮಾತ್ರ ಬೀಗವಿಲ್ಲ.

"ಏನ್ಲಾ ಕೆಂಪರಾಜ, ಕಿಟ್ಕೀಲಿ ಒಟ್ಲು ಬುಟ್ಕೊಂಡು ಕುಂತಿದ್ದೀಯ?" ಎಂದು ನಕ್ಕ. ಒಟ್ಲು ಎಂದರೆ ಹೊಲದಲ್ಲಿ ಪೈರು ಎಬ್ಬಿಸುವ ಮಡಿ. ಮೊಟ್ಟೆ ಟ್ರೇಗೆ ಆ ಹೆಸರು ಕೇಳಿ ಪ್ರತಿಮಾಳೂ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು ಎನಿಸಿತು.

ಹೋಗುವಾಗ ಮೆಟ್ಟಿಲ ಹತ್ತಿರ ನಿಂತು ಹೇಳಿದ. ನನ್ನ ಮೆಷಿನ್ ಮೇಲೆ ಹೊಸಬನನ್ನು ಹಾಕಿದ್ದಾರಂತೆ, ಮಳವಳ್ಳಿ ಕಡೆಯ ಹುಡುಗ, ಕೈ ಚುರುಕಂತೆ. "ಟೆಂಪ್ರವರಿ ಕಣ್ಲಾ, ತಲೆ ಕೆಡಿಸ್ಕಬ್ಯಾಡ" ಎಂದ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ, ಅಷ್ಟೆ.

ಜುಲೈ 16, ಬುಧವಾರ

ಪೈರು ನಾಲ್ಕೈದು ಎಲೆ ಬಿಟ್ಟು ಟ್ರೇಯಲ್ಲಿ ಜಾಗ ಸಾಲದೆ ಒಂದರ ಮೈಮೇಲೆ ಒಂದು ಬಿದ್ದಿವೆ. ದೊಡ್ಡ ಕುಂಡಕ್ಕೆ ಹಾಕಬೇಕು. ಕೆಳಗಿನ ಮನೆಯ ಸಿದ್ದಮ್ಮನವರು ಮನೆ ಬಣ್ಣ ಹೊಡೆಸಿದಾಗಿನ ಖಾಲಿ ಪೇಂಟ್ ಡಬ್ಬಗಳನ್ನು ಕೊಟ್ಟರು. ತಳಕ್ಕೆ ತೂತು ಹೊಡೆದು ತಾರಸಿಯಲ್ಲಿ ಸಾಲಾಗಿ ಜೋಡಿಸಿ, ಮಣ್ಣು ತುಂಬಿದೆ. ಕೋತಿ ಕಾಯುವ ಕೆಲಸ ನನ್ನದೇ, ಬೇರೇನು ಕೆಲಸವಿದೆ ನನಗೆ?

ನಾಟಿ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕಂದಿನಲ್ಲಿ ಎಷ್ಟು ರಾಗಿ ಪೈರು ಕಿತ್ತಿದ್ದೇನೆ. ಪೈರು ಕೀಳಬೇಕು, ಬೇರಿನ ಮಣ್ಣನ್ನು ಒದರಬೇಕು, ಕಟ್ಟು ಕಟ್ಟಬೇಕು, ಸಾಲಿನಲ್ಲಿ ನೆಡುತ್ತಾ ಹೋಗಬೇಕು. ಹಾಗೇ ಮಾಡಿದೆ. ಬೇರು ಟ್ರೇಯ ರಟ್ಟಿಗೆ ಅಂಟಿಕೊಂಡಿದ್ದವು, ಎಳೆದು ಬಿಡಿಸಿದೆ. ಕಾಲಿಗೆ ಬಡಿದು ಮಣ್ಣು ಒದರಿದೆ. ಬಾಳೆ ನಾರಿಲ್ಲ, ಹೊಲಿಗೆ ದಾರದಲ್ಲೇ ಕಟ್ಟು ಕಟ್ಟಿದೆ. ಅರ್ಧ ಟ್ರೇ ಮುಗಿಸುವ ಹೊತ್ತಿಗೆ ಆ ಕೈ ಸೆಟೆದುಕೊಂಡಿತು, ಉಳಿದ ಅರ್ಧವನ್ನು ಕಿಟಕಿಗೆ ವಾಪಸ್ ಇಟ್ಟೆ.

ಬೆಳಗ್ಗೆಯಿಂದ ಒಳ್ಳೆಯ ಬಿಸಿಲಿತ್ತು. ಮಧ್ಯಾಹ್ನದ ಹೊತ್ತಿಗೆ ನೆಟ್ಟವೆಲ್ಲ ಬಾಡಿ ಮಲಗಿದವು. ಪ್ರತಿಮಾ ಬಟ್ಟೆ ಒಣಹಾಕಲು ಬಂದು ನೋಡಿ "ಇದೇನ್ರೀ, ಎಲ್ಲ ಸೊರ್ಗೋದ್ವು?" ಎಂದಳು. ರಾಗಿ ಪೈರೂ ಮೊದಲ ದಿನ ಮಲಗುತ್ತದೆ, ಆಮೇಲೆ ತಾನೇ ತಲೆ ಎತ್ತುತ್ತದೆ, ನಿನಗೇನು ಗೊತ್ತು ಎಂದೆ.

ಜುಲೈ 18, ಶುಕ್ರವಾರ

ತಲೆ ಎತ್ತಲಿಲ್ಲ. ಒಂದೂ ಎತ್ತಲಿಲ್ಲ.

ಕಿತ್ತು ನೋಡಿದೆ. ಬಿಸಿಲೊಂದೇ ಅಲ್ಲ ಕಾರಣ. ಪ್ರತಿ ಪೈರಿನ ಕಾಂಡದಲ್ಲೂ ಒಂದೇ ಜಾಗದಲ್ಲಿ ಜಜ್ಜಿದ ಗುರುತು, ಕಪ್ಪಾಗಿದೆ. ನಾನು ಹಿಡಿದ ಜಾಗ ಅದು. ಅಷ್ಟು ಬಲವಾಗಿ ಹಿಡಿದಿದ್ದೆ ಎಂದು ನನಗೆ ಗೊತ್ತೇ ಇಲ್ಲ. ಅವಳ ಕಿವಿಯಂತೆಯೇ.

ತುಂಬ ದುಃಖವಾಯಿತು. ಬದನೆ ಪೈರಿಗೆ ಅಳುವ ಗಂಡಸು ನಾನೊಬ್ಬನೇ ಇರಬೇಕು.

ಜುಲೈ 20, ಭಾನುವಾರ

ಅಪ್ಪ ಫೋನ್ ಮಾಡಿದ್ದ. ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಟ್ಟೆ. ಅವನಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಪೆದ್ದೇ, ಕಿಟ್ಕೀಲಿ ಬೆಳ್ದಿದ್ದ ರಾಗಿ ಪೈರ್ನಂಗೆ ಒದ್ರುದ್ಯಾ? ಒಲದ್ ಪೈರು ಬಿಸ್ಲು, ಗಾಳಿ ಎಲ್ಲಾ ಕಂಡಿರ್ತದೆ ಕಣ್ಲಾ. ಮೋಡ ನೋಡಿ ನಾಟಿ ಆಕ್ತೀವಿ. ಇದು ನೆಳ್ಳಲ್ಲಿ ಬೆಳ್ದಿರೋದು, ಒಂದೇ ಸಲ ಈಚೆಗ್ ಎಳ್ದು ಬುಟ್ರೆ ಎಂಗ್ ತಡ್ಕತದೆ?"

ಮಾತು ಮುಗಿಸಿದ ಮೇಲೆ ಪ್ರತಿಮಾ ಕೇಳಿದಳು, "ಕೀಳೋದ್ಯಾಕ್ರೀ? ಟ್ರೇ ರಟ್ಟಲ್ವಾ? ಕತ್ರಿಲಿ ಒಂದೊಂದ್ ಗುಳಿ ಕತ್ರಿಸಿ ಅಂಗೇ ಡಬ್ಬಕ್ಕೆ ಇಟ್ರೆ ಆಯ್ತು. ರಟ್ಟು ಮಣ್ಣಲ್ಲಿ ಕರಗ್ತದೆ." ರವಿಕೆ ಸಡಿಲ ಮಾಡಿಕೊಡು ಎಂದವರಿಗೆ ಇಡೀ ಹೊಲಿಗೆ ಬಿಚ್ಚುವುದು ಅವಳಿಗೆ ಕಂಡರಾಗದು. ಅದೇ ಬುದ್ಧಿ ಇಲ್ಲಿಗೂ ತಂದಳು. ಹೊಳೆಯದೇ ಹೋಯಿತಲ್ಲ ನನಗೆ.

ಜುಲೈ 22, ಮಂಗಳವಾರ

ಉಳಿದ ಅರ್ಧ ಟ್ರೇ. ಇದು ಹೋದರೆ ಮುಗಿಯಿತು, ಮತ್ತೆ ಬೀಜ ಹಾಕುವ ಮನಸ್ಸು ನನಗಿಲ್ಲ.

ಬೆಳಗ್ಗೆಯೇ ಟ್ರೇಗೆ ನೀರು ಹಾಕಿ ಮಣ್ಣು ಚೆನ್ನಾಗಿ ನೆನೆಯಲು ಬಿಟ್ಟೆ, ಒಣಮಣ್ಣಾದರೆ ಬೇರಿನಿಂದ ಉದುರಿಬಿಡುತ್ತದೆ. ಡಬ್ಬಗಳಿಗೂ ಮೊದಲೇ ನೀರು ಕುಡಿಸಿದೆ. ಬಿಸಿಲು ಇಳಿಯುವವರೆಗೆ ಕಾದೆ. ಪ್ರತಿಮಾ ಅವಳ ದೊಡ್ಡ ಕತ್ತರಿಯಲ್ಲಿ ಗುಳಿಗಳನ್ನು ಕತ್ತರಿಸಿಕೊಟ್ಟಳು, ಬೇರೆ ದಿನವಾಗಿದ್ದರೆ ಆ ಕತ್ತರಿಯನ್ನು ಬಟ್ಟೆ ಬಿಟ್ಟು ಬೇರೆಯದಕ್ಕೆ ಮುಟ್ಟಿಸುವವಳಲ್ಲ. ನಾನು ಡಬ್ಬದ ಮಣ್ಣಿನಲ್ಲಿ ಗುಳಿ ಮಾಡಿ, ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಕೂರಿಸಿ, ಸುತ್ತ ಮಣ್ಣು ಎಳೆದೆ.

ಎರಡು ಮೂರು ಪೈರು ರಟ್ಟಿನಿಂದ ಜಾರಿ ಈಚೆ ಬಂದವು. ಅವನ್ನು ಹಿಡಿಯಬೇಕಾಯಿತು. ಕಾಂಡ ಹಿಡಿಯಲು ಧೈರ್ಯ ಬರಲಿಲ್ಲ. ಎಲೆಯೊಂದನ್ನು ಹಿಡಿದೆ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಕಥೆ ಮುಗಿಯಿತು. ಬೆರಳು ತಾಗಿದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಮುಚ್ಚಿ, ಉಸಿರು ಬಿಗಿಹಿಡಿದು ಎತ್ತಿದೆ. ಮಧ್ಯದಲ್ಲಿ ಒಂದು ಜಾರಿತು. ಜಾರುತ್ತಿದೆ ಎಂದು ನೋಡುವ ಮೊದಲೇ ಗೊತ್ತಾಯಿತು, ಎಡಗೈ ಒಡ್ಡಿ ಹಿಡಿದುಕೊಂಡೆ.

ಮಣ್ಣನ್ನು ಗಟ್ಟಿಯಾಗಿ ಅದುಮಲಿಲ್ಲ. ಸುಮ್ಮನೆ ಕೂರಿಸಿ ನೀರು ಹಾಕಿದೆ, ಮಣ್ಣು ತಾನೇ ಕೂತಿತು. ಡಬ್ಬಗಳನ್ನೆಲ್ಲ ಮೆಟ್ಟಿಲ ಮಾಡಿನ ನೆರಳಿನಲ್ಲಿಟ್ಟೆವು. ಹೊರುವಾಗ ಒಂದು ಕಡೆ ನಾನು, ಒಂದು ಕಡೆ ಅವಳು.

ಜುಲೈ 24, ಗುರುವಾರ

ಒಂದೂ ಮಲಗಿಲ್ಲ. ಬೆಳಗ್ಗೆ ಎದ್ದವನೇ ಹಲ್ಲುಜ್ಜುವ ಮೊದಲೇ ಹೋಗಿ ನೋಡಿಬಂದೆ.

ಜುಲೈ 30, ಬುಧವಾರ

ಈಗ ಬಿಸಿಲು ತೋರಿಸುವ ಕೆಲಸ. ಮೊದಲ ದಿನ ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು, ಮತ್ತೆ ನೆರಳಿಗೆ. ಮಾರನೆಯ ದಿನ ಇನ್ನು ಸ್ವಲ್ಪ ಹೊತ್ತು. ಜೋರು ಗಾಳಿಯಿದ್ದರೆ ಹೊರಗೆ ತರುವುದಿಲ್ಲ. ಡಬ್ಬಗಳ ಪಕ್ಕದಲ್ಲಿ ನಾನೂ ಕೋಲು ಹಿಡಿದು ಕೂರುತ್ತೇನೆ, ಕೋತಿಗಾಗಿ. ಎದುರು ಮನೆಯವರು, ಆಚೆ ಬೀದಿಯವರು ಎಲ್ಲರೂ ತಾರಸಿಯಿಂದಲೇ ವಿಚಾರಿಸುತ್ತಾರೆ. ಕೈ ಹೇಗಿದೆ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಬದನೆ ಯಾವಾಗ ಬಿಡುತ್ತದೆ ಎಂದು ಕೇಳುತ್ತಾರೆ.

ಒಬ್ಬರಂತೂ ಇದು ಮುಳ್ಳುಬದನೆಯೋ, ಬರಿ ಬದನೆಯೋ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಕೇಳಿದರು. ನಾನೂ ಕೂಗಿ ಹೇಳಿದೆ.

ಆಗಸ್ಟ್ 7, ಗುರುವಾರ

ನಾಳೆ ವರಮಹಾಲಕ್ಷ್ಮಿ ಹಬ್ಬ. ಆಷಾಢದಲ್ಲಿ ಖಾಲಿ ಕೂತಿದ್ದ ಮನೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ರವಿಕೆ. ಪ್ರತಿಮಾ ಬೆಳಗ್ಗೆಯಿಂದ ಮೆಷಿನ್ ಬಿಟ್ಟು ಎದ್ದಿಲ್ಲ. ನಾನೇ ಅನ್ನ ಸಾರು ಮಾಡಿದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅವಳು ಚೆನ್ನಾಗಿದೆ ಎಂದು ಸುಳ್ಳು ಹೇಳಿದಳು.

ಬೇಜಾರಿಗೆ ಅವಳ ಪಕ್ಕ ಕೂತು ದಾರದ ತುದಿಗಳನ್ನು ಕತ್ತರಿಸಿಕೊಟ್ಟೆ. ಆಮೇಲೆ ಕೆಲವಕ್ಕೆ ಹುಕ್ಕೂ ಹಾಕಿದೆ. ವಕ್ರವಾಗಿದ್ದವನ್ನು ಅವಳು ಸದ್ದಿಲ್ಲದೆ ಬಿಚ್ಚಿ ಮತ್ತೆ ಹಾಕಿದಳು, ನಾನು ನೋಡಲಿಲ್ಲ ಎಂದುಕೊಂಡಿದ್ದಾಳೆ. ಕೊನೆಕೊನೆಗೆ ಬಿಚ್ಚುವುದನ್ನು ನಿಲ್ಲಿಸಿದಳು, ಹೊತ್ತಾಗಿತ್ತಲ್ಲ.

ಸಂಜೆ ಹೂವು ತರಲು ಹೋಗುವಾಗ ಟವೆಲ್ ನೆನಪಾಯಿತು. ಎಲ್ಲಿಟ್ಟಿದ್ದೇನೋ, ಕಾಣಲಿಲ್ಲ. ತಾರಸಿಯಲ್ಲಿ ಹಗ್ಗದ ಮೇಲೆ ವಾರದಿಂದ ನೆನೆಯುತ್ತಾ ಬಿದ್ದಿರುವುದು ಅದೇ ಇರಬೇಕು. ಹಾಗೇ ಹೋಗಿಬಂದೆ.

ಆಗಸ್ಟ್ 21, ಗುರುವಾರ

ಜಾರಾ ಮತ್ತೆ ಹತ್ತಿ ತೆಗೆದಳು. ಕಣ್ಣು ಮುಚ್ಚಿಕೊಂಡೆ. ಒಂದೆರಡು ಸಲ ಹೌದು ಎಂದೆ. ಅಷ್ಟರಲ್ಲಿ ನನಗೆ ಬದನೆ ಎಲೆಯ ಹುಳು ನೆನಪಾಯಿತು, ಅವಳ ಮನೆಯಲ್ಲಿ ಗಿಡಕ್ಕೆ ಏನು ಹೊಡೆಯುತ್ತಾರೆ ಎಂದು ಕೇಳಿದೆ. ಬೇವಿನ ಹಿಂಡಿ ನೆನೆಸಿದ ನೀರು ಹಾಕಿ ಎಂದಳು. "ಅಂಕಲ್, ನೀವು ಅಷ್ಟಕ್ಕೂ ಹೌದು ಅಂದ್ರಿ, ಗೊತ್ತಾ?" ಎಂದೂ ಹೇಳಿದಳು. ಪರೀಕ್ಷೆಗೆ ಹಿಡಿತದ ಬಲ ಬೇಕು, ಹತ್ತಿಯಿಂದ ಏನಾಗುತ್ತದೆ ಎಂದೆ.

ಸೆಪ್ಟೆಂಬರ್ 15, ಸೋಮವಾರ

ಆಗಲಿಲ್ಲ.

ಬೆಳಗ್ಗೆ ರೈಲಿನಲ್ಲಿ ಬಿಡದಿಗೆ ಹೋದೆ. ಕಂಪನಿ ಡಾಕ್ಟರು ಒಂದು ಹಿಡಿಯಿರುವ ಉಪಕರಣ ಕೊಟ್ಟು, ಎಷ್ಟು ಆಗುತ್ತದೋ ಅಷ್ಟು ಬಲವಾಗಿ ಹಿಸುಕಿರಿ ಎಂದರು. ಹಿಸುಕಿದೆ. ಮುಳ್ಳು ಅರ್ಧಕ್ಕೂ ಬರಲಿಲ್ಲ. ಮತ್ತೆ ಎಂದರು, ಮತ್ತೆ ಹಿಸುಕಿದೆ. ಕಣ್ಣಲ್ಲಿ ನೀರು ಬಂತು, ಮುಳ್ಳು ಮಾತ್ರ ಬರಲಿಲ್ಲ. ಪ್ರೆಸ್‌ಗೆ ಈ ಕೈ ಆಗುವುದಿಲ್ಲ ಎಂದು ಬರೆದರು. ದಸರಾ ಕಳೆದ ಮೇಲೆ ಸ್ಟೋರ್ಸ್‌ನಲ್ಲಿ ಕೆಲಸ ಕೊಡುತ್ತಾರಂತೆ. ಹೊರಗೆ ಬರುವಾಗ ಗಾಜಿನ ಆಚೆ ನನ್ನ ಮೆಷಿನ್ ಕಂಡಿತು. ಮಳವಳ್ಳಿ ಹುಡುಗ ನಿಂತಿದ್ದ.

ಮನೆಗೆ ಬಂದಾಗ ಪ್ರತಿಮಾ ತಟ್ಟೆಗೆ ಮುದ್ದೆ ಹಾಕಿದಳು. ಮುತ್ತುರಾಜು ಫೋನ್ ಮಾಡಿದ. ಎಡಗೈಯಲ್ಲಿ ಫೋನ್ ಹಿಡಿದು ಡಾಕ್ಟರನ್ನೂ ಆ ಉಪಕರಣವನ್ನೂ ಬಾಯಿಗೆ ಬಂದಂತೆ ಬಯ್ಯುತ್ತಾ ಊಟ ಮಾಡಿದೆ. ಫೋನ್ ಇಟ್ಟಾಗ ಮುದ್ದೆ ಮುಗಿದಿತ್ತು. ಪ್ರತಿಮಾ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

"ಏನೇ?" ಎಂದೆ.

"ಏನಿಲ್ಲ. ಸಾರು ಬುಡ್ಲಾ?" ಎಂದಳು.

ಸೆಪ್ಟೆಂಬರ್ 17, ಬುಧವಾರ

ನಿನ್ನೆ ಬರೆಯಲಿಲ್ಲ. ಗಿಡಕ್ಕೆ ನೀರೂ ಹಾಕಲಿಲ್ಲ. ಅವಳೇ ಹಾಕಿರಬೇಕು, ಮಣ್ಣು ಒದ್ದೆಯಿತ್ತು.

ಎರಡು ಗಿಡದಲ್ಲಿ ಹೂವು ಬಂದಿದೆ.

ಅಕ್ಟೋಬರ್ 1, ಬುಧವಾರ

ಆಯುಧ ಪೂಜೆ. ಪ್ರತಿ ವರ್ಷ ಈ ದಿನ ಫ್ಯಾಕ್ಟರಿಯಲ್ಲಿ ನನ್ನ ಮೆಷಿನ್ನಿಗೆ ನಾನೇ ಹಾರ ಹಾಕುತ್ತಿದ್ದೆ. ಬಾ ಎಂದು ಮುತ್ತುರಾಜು ಕರೆದಿದ್ದ, ಹೋಗಲಿಲ್ಲ.

ಪ್ರತಿಮಾ ಹೊಲಿಗೆ ಮೆಷಿನ್ ಒರೆಸಿ, ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆ ಎಲ್ಲವನ್ನೂ ಸಾಲಾಗಿಟ್ಟು ಅರಿಶಿನ ಕುಂಕುಮ ಇಟ್ಟಳು. ಗಿಡಕ್ಕೆ ನೀರು ಹಾಕುವ ಚೊಂಬಿಗೂ ಇಟ್ಟಳು. ನಾನು ಬೂದುಗುಂಬಳ ಒಡೆಯಲು ಕೆಳಗೆ ಹೊರಟಿದ್ದೆ. "ಇರ್ರೀ" ಎಂದು ನಿಲ್ಲಿಸಿ, ನನ್ನ ಬಲಗೈ ಎಳೆದು, ಹೊಲಿಗೆ ಗುರುತಿನ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟು, ಕೈಯನ್ನು ಕಣ್ಣಿಗೊತ್ತಿಕೊಂಡಳು. ಹುಚ್ಚು ಹೆಂಗಸು. ಅವಳ ರೆಪ್ಪೆ ಬೆರಳ ತುದಿಗೆ ತಾಗಿ ಕಚಗುಳಿಯಾಯಿತು.

ಕುಂಬಳಕಾಯಿ ಒಂದೇ ಏಟಿಗೆ ಒಡೆಯಿತು. ಕೋತಿಗಳು ಚೂರುಗಳಿಗೆ ಜಗಳವಾಡುತ್ತಿದ್ದವು.

ಅಕ್ಟೋಬರ್ 26, ಭಾನುವಾರ

ಬಹಳ ದಿನವಾಯಿತು ಬರೆದು. ಸ್ಟೋರ್ಸ್‌ನಲ್ಲಿ ದಿನವಿಡೀ ಚೀಟಿ ಬರೆಯುವುದೇ ಕೆಲಸ, ಮನೆಗೆ ಬಂದು ಮತ್ತೆ ಪೆನ್ನು ಹಿಡಿಯಲು ಮನಸ್ಸಾಗುವುದಿಲ್ಲ. ಜಾರಾಳಿಗೆ ಹಾಗೇ ಹೇಳಿದೆ. ಅವಳು ನಕ್ಕು, ಹಾಗಾದರೆ ಇನ್ನು ಬರುವುದು ಬೇಡ ಎಂದಳು. ಮೆಷಿನ್ ಸದ್ದು ಕೇಳಿದರೆ ಈಗಲೂ ಗಾಜಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಮಳವಳ್ಳಿ ಹುಡುಗನಿಗೆ ಗ್ಲೌಸು ಬಿಗಿಯಾಗಿ ಹಾಕಿಕೋ ಎಂದು ಬಯ್ದು ಹೇಳಿ ಬರುತ್ತೇನೆ, ದಿನಾ.

ಇವತ್ತು ಬರೆಯಲು ಕಾರಣ ಕೋತಿ. ಮೊದಲ ಕಾಯಿ ಅಪ್ಪನಿಗೆಂದು ಬಿಟ್ಟಿದ್ದೆ. ಎರಡು ದಿನ ಬಿಟ್ಟಿದ್ದರೆ ಸರಿಯಾದ ಗಾತ್ರಕ್ಕೆ ಬರುತ್ತಿತ್ತು. ಬೆಳಗ್ಗೆ ನಾನು ಸ್ನಾನಕ್ಕೆ ಹೋದದ್ದನ್ನೇ ಕಾದಿದ್ದು ಒಂದು ಗಡವ ಕೋತಿ ಬಂದು ಕಿತ್ತು, ಒಂದು ಬಾಯಿ ಕಚ್ಚಿ, ರುಚಿ ಹಿಡಿಸದೆ ನೀರಿನ ತೊಟ್ಟಿಗೆ ಎಸೆದು ಹೋಗಿದೆ. ತಿಂದಿದ್ದರಾದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಪುಣ್ಯಕ್ಕೆ ಗಿಡ ಮುರಿದಿಲ್ಲ, ಇನ್ನೂ ಸಣ್ಣ ಕಾಯಿಗಳಿವೆ.

ಚನ್ನಪಟ್ಟಣದಲ್ಲಿ ಪ್ರತಿಮಾಳ ಚಿಕ್ಕಪ್ಪನ ಮಗಳ ಮದುವೆ. ಹೊರಡುವ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡಿ ಕೋತಿಯ ಕಥೆ ಹೇಳುತ್ತಿದ್ದೆ. ಬಲೆ ಕಟ್ಟು ಎಂದ ಅವನು, ಬಲೆಗೂ ಜಗ್ಗುವುದಿಲ್ಲ ಎಂದೆ ನಾನು. ಅಷ್ಟರಲ್ಲಿ ಪ್ರತಿಮಾ ಆ ಹಳೆಯ ಓಲೆ ಹಿಡಿದು ಬಂದು ಬೆನ್ನು ಮಾಡಿ ನಿಂತಳು. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಎರಡೂ ಕಡೆಯ ತಿರುಪು ಹಾಕಿದೆ. ಎಡಗಡೆಯದರ ಎಳೆ ಇನ್ನೂ ಸವೆದಿದೆ, ಅಕ್ಕಸಾಲಿಗರಿಗೆ ತೋರಿಸಬೇಕು.

ಹಾಕಿಯಾದ ಮೇಲೂ ಅವಳು ಅಲುಗದೆ ಅಲ್ಲೇ ನಿಂತಿದ್ದಳು. "ನಡಿಯೇ, ಬಸ್ ಓಯ್ತದೆ" ಎಂದೆ. ತಿರುಗಿದಾಗ ನೋಡಿದರೆ ಕಣ್ಣಿನ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. ಅವಳು ಮುಖ ತೊಳೆದು, ಮತ್ತೆ ಕಾಡಿಗೆ ಹಚ್ಚಿಕೊಂಡು ಬರುವಷ್ಟರಲ್ಲಿ ಬಸ್ಸು ತಪ್ಪಿತು.